ದ್ವೀಪದ ಹಕ್ಕಿಗಳೇ ಹೆಚ್ಚಾಗಿ ಅಳಿವಿನಂಚಿಗೆ ಬರುವುದೇಕೆ? ಅವನ್ನು ಉಳಿಸಲೇಬೇಕೇ?

ಉಳಿಸಲೇಬೇಕು. ನಮ್ಮ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ನೆರೆ ಬಂದ ವರ್ಷ ಮರಿಗಳು ಕೊಚ್ಚಿಹೋದರೂ ಆ ಪ್ರಭೇದಗಳು ಅಳಿಯುವುದಿಲ್ಲ, ಏಕೆಂದರೆ ಅವು ನಾಡಿನ ಎಷ್ಟೋ ಕೆರೆಗಳಲ್ಲಿವೆ. ಕಡಲ ದ್ವೀಪದ ಹಕ್ಕಿಗೆ ಅಂಥ ಆಸರೆಯಿಲ್ಲ.

ಅಂಡಮಾನಿನ ನಾರ್ಕೊಂಡಮ್ ಮಂಗಟ್ಟೆ (ಹಾರ್ನ್‌ಬಿಲ್) ಇರುವುದು ಸುಮಾರು 7 ಚದರ ಕಿಲೋಮೀಟರಿನ ಒಂದೇ ದ್ವೀಪದಲ್ಲಿ. ಆಗುಂಬೆಯ ಕಾಡಿನ ಮಂಗಟ್ಟೆಯಂತೆ ಇದರ ಹೆಣ್ಣೂ ದೊಡ್ಡ ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ಮೆತ್ತಿ ಮುಚ್ಚಿಕೊಂಡು, ಉಳಿದ ಕಿರಿದಾದ ಸೀಳಿನಲ್ಲಿ ಗಂಡು ತಂದುಕೊಡುವ ಹಣ್ಣನ್ನೇ ನಂಬಿ ಮರಿ ಮಾಡುತ್ತದೆ. ಮನುಷ್ಯರು ಅಲ್ಲಿಗೆ ಒಯ್ದ ಆಡುಗಳು ಸಸಿಗಳನ್ನು ಮೇಯ್ದು, ಮುಂದೆ ಪೊಟರೆಯಾಗಬೇಕಿದ್ದ ಮರಗಳನ್ನೇ ಇಲ್ಲವಾಗಿಸುತ್ತಿದ್ದವು. ಕೊನೆಗೆ ಅವುಗಳನ್ನು ತೆರವುಗೊಳಿಸಬೇಕಾಯಿತು.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಡಗಿನ ಸರಕಿನೊಡನೆ ಬಂದ ಕಂದು ಮರಹಾವು, ಅಂಥ ಬೇಟೆಗಾರನನ್ನೇ ಅರಿಯದಿದ್ದ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ತಿಂದು ಮುಗಿಸಿತು. ಬೀಜ ಹರಡುವ ಹಕ್ಕಿ ಇಲ್ಲದ ಕಾಡು ಹೊಸದಾಗಿ ಹುಟ್ಟುವುದು ಕಷ್ಟ; ಸಂರಕ್ಷಣೆ ಬೇಕೆನ್ನಲು ಇದೇ ಬಲವಾದ ಕಾರಣವೆಂದು ನನ್ನ ಅಭಿಪ್ರಾಯ.

ಪ್ರಯತ್ನ ಫಲಿಸುವುದೂ ಉಂಟು. ಮಾರಿಷಸ್ಸಿನ ಚಾಣ 1974ರಲ್ಲಿ ಕಾಡಿನಲ್ಲಿ ನಾಲ್ಕೇ ಉಳಿದಿತ್ತು. ಸಾಕಿ ಮರಿ ಮಾಡಿಸಿ, ಗೂಡುಪೆಟ್ಟಿಗೆಗಳನ್ನು ಇಟ್ಟು ಕಾದದ್ದರಿಂದ ಅದರ ಸಂಖ್ಯೆ ನೂರುಗಳಿಗೆ ಏರಿತು.