ಹೃದಯಾಘಾತದ ನಂತರ ಸೋರುವ ಕವಾಟ

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಹೋದ ವರ್ಷ ಹೃದಯಾಘಾತವಾಗಿತ್ತು. ಈಗ ಆಂಜಿಯೋಗ್ರಾಂನಲ್ಲಿ ಮೂರು ರಕ್ತನಾಳಗಳಲ್ಲಿ ಬ್ಲಾಕ್ ಕಂಡಿದೆ. ಎಕೋ ವರದಿಯಲ್ಲಿ ಮೈಟ್ರಲ್ ಕವಾಟ ಮಧ್ಯಮ ಪ್ರಮಾಣದಲ್ಲಿ ಸೋರುತ್ತಿದೆ ಎಂದಿದೆ. ಬೈಪಾಸ್ ಜೊತೆಗೇ ಕವಾಟವನ್ನೂ ರಿಪೇರಿ ಮಾಡಿಸಿ ಎಂದು ಒಬ್ಬ ವೈದ್ಯರು ಹೇಳಿದರೆ, ಬೈಪಾಸ್ ಒಂದೇ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ನಾವೇನು ಮಾಡಬೇಕು?
– ಓದುಗರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ನಿಮ್ಮ ಗೊಂದಲ ಸಹಜವಾದದ್ದು, ಏಕೆಂದರೆ ಮಧ್ಯಮ ಪ್ರಮಾಣದ ಸೋರಿಕೆಯ ವಿಷಯದಲ್ಲಿ ಶಸ್ತ್ರಚಿಕಿತ್ಸಕರಲ್ಲೇ ಒಮ್ಮತವಿಲ್ಲ. ಮೊದಲು ತಿಳಿಯಬೇಕಾದದ್ದೆಂದರೆ, ನಿಮ್ಮ ತಂದೆಯವರಂಥ ರೋಗಿಗಳಲ್ಲಿ ಮೈಟ್ರಲ್ ಕವಾಟದ, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟದ, ಎಸಳುಗಳು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಹೃದಯಾಘಾತದಿಂದ ಎಡ ಹೃತ್ಕುಕ್ಷಿಯ ಗೋಡೆ ದುರ್ಬಲವಾಗಿ ಹಿಗ್ಗಿದಾಗ, ಎಸಳುಗಳನ್ನು ತಂತುಗಳ ಮೂಲಕ ಹಿಡಿದಿರುವ ಸ್ನಾಯುಗಳು ಹೊರಕ್ಕೆ ಸರಿದು ಎಸಳುಗಳನ್ನು ಕೆಳಕ್ಕೆ ಎಳೆಯುತ್ತವೆ. ಅವು ಒಂದಕ್ಕೊಂದು ಕೂಡಲಾರದೆ ನಡುವೆ ಉಳಿದ ಸಂದಿನಿಂದ ರಕ್ತ ಹಿಂದಕ್ಕೆ ನುಗ್ಗುತ್ತದೆ. ರಿಪೇರಿಯಲ್ಲಿ ಸಾಮಾನ್ಯವಾಗಿ ಕವಾಟದ ಬುಡಕ್ಕೆ ಅಳತೆಗಿಂತ ಚಿಕ್ಕದಾದ ರಿಂಗ್ ಹೊಲಿದು ಬಾಯಿಯನ್ನು ಕಿರಿದಾಗಿಸುತ್ತಾರೆ. ಆದರೆ ಗೋಡೆಯ ದೋಷ ಹಾಗೇ ಉಳಿಯುವುದರಿಂದ, ಹೃದಯ ಮತ್ತಷ್ಟು ಹಿಗ್ಗಿದರೆ ಸೋರಿಕೆ ಮರಳಿ ಬರಬಹುದು.

ಮಧ್ಯಮ ಸೋರಿಕೆಯಿದ್ದ 301 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೈಪಾಸ್ ಮಾತ್ರ, ಇನ್ನೊಂದಕ್ಕೆ ಬೈಪಾಸ್ ಜೊತೆ ರಿಪೇರಿ ಮಾಡಿದ ಅಧ್ಯಯನದ ಎರಡು ವರ್ಷಗಳ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ರಿಪೇರಿಯಾದವರಲ್ಲಿ ಸೋರಿಕೆ ಕಡಿಮೆ ಉಳಿದಿತ್ತು, ನಿಜ. ಆದರೆ ಬದುಕುಳಿಯುವಿಕೆಯಲ್ಲಾಗಲಿ ಹೃದಯದ ಗಾತ್ರ ಕುಗ್ಗುವುದರಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಬದಲಿಗೆ ನರಸಂಬಂಧಿ ತೊಂದರೆಗಳು ಹೆಚ್ಚಿದ್ದವು. ಆದ್ದರಿಂದ ಬೈಪಾಸ್ ಸಾಕು ಎಂದವರ ಮಾತಿಗೆ ಆಧಾರವಿದೆ. ಗೋಡೆಯ ಸ್ನಾಯುವಿನಲ್ಲಿ ಇನ್ನೂ ಜೀವವಿದ್ದರೆ, ರಕ್ತ ಸಂಚಾರ ಮರಳಿದಾಗ ಸೋರಿಕೆ ತಾನಾಗಿಯೇ ತಗ್ಗುವ ಸಾಧ್ಯತೆಯೂ ಉಂಟು.

ಸೋರಿಕೆ ತೀವ್ರವಾಗಿದ್ದರೆ ಲೆಕ್ಕವೇ ಬೇರೆ. ಆಗ ಕವಾಟವನ್ನು ಹಾಗೇ ಬಿಡುವುದು ಸರಿಯಲ್ಲ. ಕವಾಟ ಬದಲಾಯಿಸುವುದಕ್ಕಿಂತ ರಿಪೇರಿಯೇ ಯಾವಾಗಲೂ ಮೇಲು ಎಂಬ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ: 251 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ಎರಡು ವರ್ಷಗಳೊಳಗೆ ರಿಪೇರಿಯಾದವರಲ್ಲಿ ಶೇ. 58.8 ಮಂದಿಗೆ ಸೋರಿಕೆ ಮರುಕಳಿಸಿದರೆ, ಕವಾಟ ಬದಲಾಯಿಸಿದವರಲ್ಲಿ ಅದು ಶೇ. 3.8 ಮಾತ್ರ. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಲೋಹದ ಕವಾಟವಾದರೆ ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ಮತ್ತು ನಿಯಮಿತ ರಕ್ತಪರೀಕ್ಷೆ ತಪ್ಪುವುದಿಲ್ಲ.

ನನ್ನ ಸಲಹೆಯೆಂದರೆ, ರಕ್ತದೊತ್ತಡ ಹತೋಟಿಯಲ್ಲಿರುವಾಗ ಎಕೋ ಮತ್ತೊಮ್ಮೆ ಮಾಡಿಸಿ; ನಡೆಯುವಾಗ ಏದುಸಿರು ಬರುತ್ತಿದ್ದರೆ ಅದನ್ನೂ ತಿಳಿಸಿ. ಈ ಸೋರಿಕೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಅರಿವಳಿಕೆಯಲ್ಲಿ ಅದು ಕಡಿಮೆ ಕಾಣುವುದರಿಂದ, ತೀರ್ಮಾನವನ್ನು ಆಪರೇಷನ್ ಥಿಯೇಟರಿಗೆ ಬಿಡಬಾರದು. ಹೃದಯದ ಪಂಪಿಂಗ್ ಎಷ್ಟಿದೆ, ಗೋಡೆಯ ಯಾವ ಭಾಗ ಜೀವಂತವಾಗಿದೆ, ರಿಪೇರಿ ಮಾಡಿದರೆ ಎಷ್ಟು ಕಾಲ ನಿಲ್ಲಬಹುದು ಎಂದು ಇಬ್ಬರು ವೈದ್ಯರನ್ನೂ ನೇರವಾಗಿ ಕೇಳಿ. ಯಾವ ಶಸ್ತ್ರಚಿಕಿತ್ಸೆಯಾದರೂ ಹೃದಯ ಬಲಪಡಿಸುವ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ನಿಲ್ಲಿಸಬೇಡಿ.