ತೋಯ್‌ಗೆ ಕರೆದಿದ್ದಾರೆ ಅಂದೆಯಲ್ಲ, ತಮ್ಮಾ

ವಿಜಯಪುರದಿಂದ ತಾಶ್ಕೆಂಟ್‌ಗೆ ಬಂದು ನಿನಗಿನ್ನೂ ಮೂರು ವಾರ. ಆಫೀಸಿನವನ ತಂಗಿಯ ತೋಯ್, ಅಂದರೆ ಮದುವೆ, ಗಂಡಿನ ಕಡೆಯವರು ದೂರದ ಕರಕಲ್ಪಾಕಸ್ತಾನದ ನುಕುಸ್‌ನವರು, ನಾನು ಸಸ್ಯಾಹಾರಿ, ಅಲ್ಲಿ ಏನು ತಿನ್ನಲಿ, ಮುಯ್ಯಿ ಎಷ್ಟು ಮಾಡಲಿ ಅಂತ ಕೇಳಿದ್ದೀಯ.

ಮುಯ್ಯಿ ಅಂದರೆ ಲಕೋಟೆಯಲ್ಲಿ ದುಡ್ಡು. ಎಷ್ಟು ಅನ್ನೋದನ್ನು ಜೊತೆಯವರನ್ನೇ ಕೇಳು. ವೋಡ್ಕಾ ಬೇಡವಾದರೆ ಎದೆ ಮೇಲೆ ಕೈಯಿಟ್ಟು 'ರಹ್ಮತ್', ಅಂದರೆ ಧನ್ಯವಾದ, ಅನ್ನು. ನಾಲ್ಕೈದು ಸಲ ಅನ್ನಬೇಕಾಗುತ್ತದೆ.

ಇನ್ನು ಓಶ್, ಅಂದರೆ ಪಲಾವ್. ಮದುವೆಯ ಓಶ್ ಬೆಳಗಿನ ಜಾವದ್ದು. ಕರ್ನಯ್ ಅನ್ನೋ ಉದ್ದ ಕಹಳೆ ಊದುತ್ತಿರುತ್ತಾರೆ. ಗಂಡಸರು ಬಂದು, ತಿಂದು, ದುವಾ ಮಾಡಿ, ಅರ್ಧ ಗಂಟೆಯಲ್ಲಿ ಎದ್ದು ಕೆಲಸಕ್ಕೆ ಹೋಗುತ್ತಾರೆ. ಮಾಂಸದ ತುಂಡು ಪಕ್ಕಕ್ಕಿಟ್ಟು ತಿಂತೀನಿ ಅನ್ನಬೇಡ. ಅಕ್ಕಿ ಬೆಂದಿರೋದೇ ಆ ಮಾಂಸದ ಜೊತೆ. ನೊನ್ ಅನ್ನೋ ತಂದೂರಿನ ದುಂಡು ರೊಟ್ಟಿ, ಹಣ್ಣು, ಬಾದಾಮಿ, ಟೊಮೆಟೊ-ಈರುಳ್ಳಿಯ ಅಚ್ಚಿಚುಕ್ ಇರುತ್ತವೆ, ಹೊಟ್ಟೆ ತುಂಬುತ್ತದೆ. ಕುಂಬಳಕಾಯಿ ಸೋಮ್ಸಾ, ಅಂದರೆ ತಂದೂರಿನಲ್ಲಿ ಸುಟ್ಟ ಸಮೋಸ, ಕಂಡರೆ ಕೇಳಿ ತಿನ್ನು, ಕೆಲವರು ಕುರಿಕೊಬ್ಬು ಹಾಕುತ್ತಾರೆ. ಹಿಂದಿ ನೆನೆದು 'ಸಬ್ಜಿ' ಕೇಳಿದರೆ ಬರೀ ಕ್ಯಾರೆಟ್ ಬರುತ್ತದೆ, ಇಲ್ಲಿ ಅದರ ಹೆಸರೇ ಸಬ್ಜಿ! ಹಿಂದಿನ ಸಂಜೆ ಓಣಿಯವರೆಲ್ಲ ಕೂತು ಕ್ಯಾರೆಟ್ ಹೆಚ್ಚುವುದಕ್ಕೆ 'ಸಬ್ಜಿ ತೋಗ್ರಾಶ್' ಅನ್ನುತ್ತಾರೆ. ಕರೆದರೆ ಹೋಗು. ತಿನ್ನಲಾರದವನು ಹೆಚ್ಚಬಹುದಲ್ವಾ? ನಾನು ಹೆಚ್ಚಿದ ಕ್ಯಾರೆಟ್ ನೋಡಿ ಓಶ್ಪಾಜ್, ಅಂದರೆ ಅಡುಗೆಯವ, ಬೈಯೋದು ಬಿಟ್ಟು ಐದಾರು ವರ್ಷ ಆಯಿತು.

ನೊನ್ ವಿಷಯ ಮಾತ್ರ ಸರಿಯಾಗಿ ಕೇಳಿಸಿಕೋ.

2011ರಲ್ಲಿ ಸಮರ್‌ಕಂದ್‌ನ ಹಳೇ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮನೆಯೊಡತಿಯನ್ನು ಎಲ್ಲರೂ ಒಪಾ ಅನ್ನುತ್ತಿದ್ದರು. ಅವರ ಮೊಮ್ಮಗಳ ನಿಶ್ಚಿತಾರ್ಥ ಬಂತು. ನಮ್ಮಲ್ಲಿ ವೀಳ್ಯ ಬದಲಾಯಿಸಿದ ಹಾಗೆ ಇಲ್ಲಿ ನೊನ್ ಮುರಿಯುತ್ತಾರೆ, 'ನೊನ್ ಸಿಂದಿರಿಶ್'. ಹಿರಿಯರು ಮುರಿದರೆ ಮಾತು ಆಯಿತು, ಹಿಂದೆ ಸರಿಯೋ ಹಾಗಿಲ್ಲ. ಚೂರುಗಳನ್ನು ಬಂದವರಿಗೆ ಹಂಚುತ್ತಾರೆ. ಒಪಾ ನನಗೂ ಒಂದು ಚೂರು ತಂದು, 'ನಿನಗೂ ಬೇಗ ಆಗಲಿ' ಅಂತ ನಕ್ಕರು. ಕಿಟಕಿಯಲ್ಲಿಟ್ಟು ಮರೆತೆ. ನಾಲ್ಕು ದಿನಕ್ಕೆ ಕಲ್ಲಾಯಿತು. ಕಸದ ಬುಟ್ಟಿಗೆ ಹಾಕಿದೆ.

ಮರುದಿನ ಅಂಗಳದಲ್ಲಿ ಕೂತು ಒಪಾ ಆ ನೊನ್ ತುಂಡಿಗೆ ಅಂಟಿದ್ದ ಚಹಾಪುಡಿ ಒರೆಸುತ್ತಿದ್ದರು. ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಹಕ್ಕಿಗಳಿಗೆ ಅಂತ ಗೋಡೆ ಮೇಲಿಟ್ಟರು. ನನಗೆ ಒಂದು ಮಾತೂ ಅನ್ನಲಿಲ್ಲ. ಚಹಾ ಕೊಟ್ಟರು, ಪಿಯಾಲಾ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ. ಧಾರಾಳ ಅಂದುಕೊಂಡೆ. ಇಲ್ಲಿ ಬೇಕಾದವರಿಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ, ತುಂಬಿಸಿದರೆ 'ಕುಡಿದು ಹೊರಡು' ಅಂತ ಅರ್ಥ. ಅದು ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಊರಲ್ಲಿ ಅವ್ವ ಅನ್ನದ ಅಗುಳು ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವಳು. ನಾನೇನು ತಿಳಿಯದವನಲ್ಲ. ಬೇರೆಯವರ ರೊಟ್ಟಿ, ಹೋದರೆ ಹೋಗಲಿ ಅನ್ನಿಸಿತ್ತು, ಅಷ್ಟೇ. ತಪ್ಪಾಯಿತು ಅನ್ನೋಕೆ ಉಜ್ಬೆಕ್ ಬರಲ್ಲ ಅಂತ ನೆಪ ಹೇಳಿಕೊಂಡೆ. ಭಾಷೆ ಕಲಿತು ಹೋದಾಗ ಬಾಗಿಲು ತೆಗೆದವರು ಬೇರೆ ಯಾರೋ.

ನುಕುಸ್‌ಗೂ ಹೋಗುವುದಾದರೆ ಸಾವಿರ ಕಿ.ಮೀ. ಮೇಲಾಗುತ್ತದೆ, ರಜೆ ಮೊದಲೇ ಕೇಳು. ಅಲ್ಲಿನ ಕರಕಲ್ಪಾಕ ಜನರಲ್ಲಿ ಹಾಡು ಹೇಳಿ ಮದುಮಗಳ ಮುಸುಕು ತೆಗೆಯುತ್ತಾರೆ, ಬೆಟಾಶಾರ್ ಅಂತ. ಮಿಠಾಯಿ ಎರಚುವುದೂ ಉಂಟು. ನಮ್ಮ ಅಕ್ಷತೆ ಹಾಗೆಯೇ, ಆದರೆ ಇದನ್ನು ಹೆಕ್ಕಿ ತಿನ್ನುತ್ತಾರೆ. ಇನ್ನೊಂದು ಹೇಳಲೇನು? ಅಲ್ಲಿ ಜೋಳ ಇದೆ! 'ಜುವೆರಿ ಗುರ್ತಿಕ್' ಅಂದರೆ ಜೋಳದ ಹಿಟ್ಟಿನ ಕಡುಬು. ಬೇಯಿಸೋದು ಮಾಂಸದ ಸಾರಿನಲ್ಲಿ, ನಿನಗೆ ಆಗುವುದಿಲ್ಲ. ಹಿಟ್ಟು ನಾದುವಾಗ ಹತ್ತಿರ ನಿಂತು ವಾಸನೆ ತಗೋ. ಮೊದಲ ಸಲ ನಾನು ಎದ್ದು ಹೊರಗೆ ಹೋಗಿ ನಿಂತುಬಿಟ್ಟಿದ್ದೆ, ಸಿಗರೇಟಿನ ನೆಪ ಹೇಳಿ.

ಹೊರಡುವಾಗ ಚೀಲಕ್ಕೆ ನೊನ್, ಸಿಹಿ ತುಂಬಿ ಕೊಡುತ್ತಾರೆ. ಬೇಡ ಅನ್ನಬೇಡ. ನೊನ್ ಬೋರಲು ಇಡಬೇಡ, ನೆಲದ ಮೇಲಂತೂ ಬೇಡವೇ ಬೇಡ. ಜಾಸ್ತಿ ಆದರೆ ನಮ್ಮ ಮನೆಗೆ ತಗೊಂಡು ಬಾ. ಊರಿಂದ ಶೇಂಗಾ ಹಿಂಡಿ ಬಂದಿದೆ, ಹಚ್ಚಿಕೊಂಡು ತಿನ್ನೋಣ.