ಅಟ್ಟದ ಮೇಲಿನ ಎಂಟುನೂರು ಮೆನು ಕಾರ್ಡ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡಿಜಿಟಲ್ ಪ್ರಿಂಟಿಂಗ್ ಬಗ್ಗೆಯೇ. ನಾನು ಮುಂಬಯಿಯ ಲೋವರ್ ಪರೇಲಿನ ಒಂದು ಸಣ್ಣ ಕಾರ್ಖಾನೆ ಕೋಣೆಯಲ್ಲಿ, ಪ್ಲೇಟ್ ಹಾಕಿ ಅಚ್ಚು ಹೊಡೆಯುವ ಆಫ್‌ಸೆಟ್ ಮಷಿನ್ ಪಕ್ಕ ನಿಂತು ಕೆಲಸ ಕಲಿತವನು. ಈಗ ದಿನವಿಡೀ, ಕಂಪ್ಯೂಟರ್ ಫೈಲಿನಿಂದ ನೇರ ಹೊಡೆಯುವ ಡಿಜಿಟಲ್ ಮಷಿನ್ ಮುಂದೆ ಇರುತ್ತೇನೆ. ಎರಡರ ಉಪ್ಪೂ ತಿಂದಿದ್ದೇನೆ, ಹಾಗಾಗಿ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವ ಗೋಜಿಗೆ ಹೋಗಲ್ಲ.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಸಸ್ಯಾಹಾರಿ ಹೋಟೆಲ್. ಎರಡು ವರ್ಷದ ಹಿಂದೆ ಆಫ್‌ಸೆಟ್‌ನಲ್ಲಿ 1000 ಮೆನು ಕಾರ್ಡ್ ಮಾಡಿಸಿದೆವು. ಒಂದಕ್ಕೆ 18 ರೂಪಾಯಿ ಬಿತ್ತು. ಆಮೇಲೆ ಮೂರು ಸಲ ರೇಟ್ ಬದಲಾಯಿತು. ಸುಮಾರು 800 ಕಾರ್ಡ್ ಇನ್ನೂ ಅಟ್ಟದ ಮೇಲಿವೆ, ಸ್ಟಿಕ್ಕರ್ ಅಂಟಿಸಿ ನಡೆಸುತ್ತಿದ್ದೇವೆ. ಈಗ ಡಿಜಿಟಲ್‌ನವರು 60 ಕಾರ್ಡ್ ಸಾಕು ಅಂತಾರೆ, ಆದರೆ ಒಂದಕ್ಕೆ 55 ರೂಪಾಯಿ ಹೇಳುತ್ತಾರೆ. ಮೂರು ಪಟ್ಟು! ಇದರಲ್ಲಿ ನಮಗೇನು ಲಾಭ?

ಉತ್ತರ ನಿಮ್ಮ ಅಟ್ಟದ ಮೇಲೇ ಇದೆಯಲ್ಲ ಸ್ವಾಮಿ!

ನೀವು ಕೊಟ್ಟದ್ದು 18,000 ರೂಪಾಯಿ. ಬಳಸಿದ್ದು 200 ಕಾರ್ಡ್. ಅಂದರೆ ಒಂದೊಂದು ಕಾರ್ಡಿಗೂ ನಿಮಗೆ ನಿಜವಾಗಿ ಬಿದ್ದದ್ದು 90 ರೂಪಾಯಿ. ಅದೂ ಸ್ಟಿಕ್ಕರ್ ಅಂಟಿಸಿದ ಕಾರ್ಡು. ಈ ಸ್ಟಿಕ್ಕರಿನ ಕಥೆ ನನಗೆ ಚೆನ್ನಾಗಿ ಗೊತ್ತು. ಆರ್ಡರ್ ಕೊಟ್ಟು ಕಾಯುವ ಗಿರಾಕಿಗೆ ಬೇರೆ ಕೆಲಸ ಇರಲ್ಲ. ಮಸಾಲೆ ದೋಸೆ ಎದುರಿನ ಸ್ಟಿಕ್ಕರಿನ ಮೂಲೆಯನ್ನು ಉಗುರಲ್ಲಿ ಕೆರೆದು, ಕೆಳಗಿನ ಹಳೇ ರೇಟ್ ನೋಡುತ್ತಾನೆ. ಪಕ್ಕದವರಿಗೂ ತೋರಿಸುತ್ತಾನೆ.

ಅದೇ ಮೊದಲ ಸಲ 60, ಮತ್ತೆ ರೇಟ್ ಬದಲಾದಾಗಲೆಲ್ಲ 60 ಅಂತ ನಾಲ್ಕು ಸಲ ಡಿಜಿಟಲ್‌ನಲ್ಲಿ ಹೊಡೆಸಿದ್ದರೆ 240 ಕಾರ್ಡಿಗೆ 13,200 ರೂಪಾಯಿ ಆಗುತ್ತಿತ್ತು. ಎಲ್ಲದರಲ್ಲೂ ಸರಿಯಾದ ರೇಟ್. ಅಟ್ಟ ಖಾಲಿ.

ರೇಟ್ ಯಾಕೆ ಹೀಗೆ ಅಂತ ಸ್ವಲ್ಪ ಹೇಳುತ್ತೇನೆ, ಮುಂದೆ ಯಾರ ಹತ್ತಿರ ಹೋದರೂ ಉಪಯೋಗಕ್ಕೆ ಬರುತ್ತದೆ. ಆಫ್‌ಸೆಟ್‌ನಲ್ಲಿ ಬಣ್ಣದ ಕೆಲಸಕ್ಕೆ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟ್ (ಚಿತ್ರ ಮೂಡಿಸಿದ ತೆಳು ತಗಡು) ಬೇಕು: ಸಯಾನ್ ಅನ್ನುವ ತಿಳಿ ನೀಲಿ, ಮಜೆಂಟಾ ಅನ್ನುವ ಗುಲಾಬಿ ಕೆಂಪು, ಹಳದಿ, ಕಪ್ಪು. ಹಿಂದಿನ ಬದಿಗೆ ಬೇರೆ ಪ್ಲೇಟ್ ಹಾಕಿದರೆ ಎಂಟು. ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವ ತನಕ ಹಾಳೆ ಹಾಳಾಗುತ್ತಲೇ ಇರುತ್ತವೆ. ಈ ಖರ್ಚೆಲ್ಲ ಮೊದಲ ಒಳ್ಳೆಯ ಕಾರ್ಡ್ ಬರುವ ಮುಂಚೆಯೇ ಆಗಿಹೋಗಿರುತ್ತದೆ. ಆಮೇಲೆ ಮಷಿನ್ ಓಡಿದಷ್ಟೂ ಅಗ್ಗ. ಅದಕ್ಕೇ ಅವರು 1000ಕ್ಕಿಂತ ಕಡಿಮೆ ಅಂದರೆ ಮುಖ ಸಿಂಡರಿಸುವುದು.

ಡಿಜಿಟಲ್‌ನಲ್ಲಿ ಪ್ಲೇಟೇ ಇಲ್ಲ. ಟೋನರ್, ಅಂದರೆ ಬಣ್ಣದ ಪುಡಿ ಬಳಸುವ ಮಷಿನ್‌ನ ಒಳಗೆ ಒಂದು ಡ್ರಮ್ ಸುತ್ತುತ್ತಿರುತ್ತದೆ. ಅದರ ಮೇಲೆ ಬೆಳಕಿನಿಂದ ಚಿತ್ರ ಮೂಡುತ್ತದೆ. ವಿದ್ಯುತ್ ಚಾರ್ಜ್ ಇರುವ ಪುಡಿ ಆ ಚಿತ್ರಕ್ಕೆ ಅಂಟಿ, ಕಾಗದಕ್ಕೆ ಇಳಿದು, ಬಿಸಿಗೆ ಕರಗಿ ಕೂರುತ್ತದೆ. ಮೂಲದಲ್ಲಿ ಇದು 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಕಂಡುಹಿಡಿದ ಜೆರಾಕ್ಸ್ ವಿದ್ಯೆಯೇ. 1993ರಲ್ಲಿ ಇಂಡಿಗೊ, ಕ್ಸೈಕಾನ್ ಮಷಿನ್‌ಗಳು ಬಂದಮೇಲೆ ಅದು ಬಣ್ಣದ ಪ್ರೆಸ್ ಕೆಲಸಕ್ಕೆ ಇಳಿಯಿತು. ಪ್ರತಿ ಹಾಳೆಗೂ ಚಿತ್ರ ಹೊಸದಾಗಿ ಮೂಡುವುದರಿಂದ ಮೊದಲನೇ ಕಾರ್ಡಿಗೂ ಅರವತ್ತನೆಯದಕ್ಕೂ ಹೆಚ್ಚುಕಡಿಮೆ ಅಷ್ಟೇ ಖರ್ಚು. ಆರು ಸಾವಿರದನೆಯದಕ್ಕೂ ಅಷ್ಟೇ ಖರ್ಚು, ಅದೇ ಅದರ ದೋಷ ಕೂಡ.

ಹಾಗಾದರೆ ಎಲ್ಲಿ ಗೆರೆ ಎಳೆಯುವುದು? ಆಫ್‌ಸೆಟ್‌ನವರ ಹತ್ತಿರ ಯಾವತ್ತೂ ಎರಡು ಕೊಟೇಶನ್ ಕೇಳಿ, 500ಕ್ಕೆ ಒಂದು, 1000ಕ್ಕೆ ಒಂದು. 500ಕ್ಕೆ 13,000 ಹೇಳಿದರು ಅಂತಿಟ್ಟುಕೊಳ್ಳಿ. 1000ಕ್ಕೆ 18,000. ಹೆಚ್ಚಿನ 500ಕ್ಕೆ ಬರೀ 5,000, ಅಂದರೆ ಒಂದಕ್ಕೆ 10 ರೂಪಾಯಿ. ಮೊದಲ 500ಕ್ಕೂ ಅದೇ 5,000 ಅಂತ ಹಿಡಿದು 13,000ದಲ್ಲಿ ಕಳೆದರೆ ಉಳಿಯುವ 8,000 ಪ್ಲೇಟು, ಸೆಟ್ಟಿಂಗಿನದ್ದು. ಡಿಜಿಟಲ್‌ನ 55ರಲ್ಲಿ ಈ 10 ಕಳೆದರೆ, ಡಿಜಿಟಲ್‌ಗೆ ಒಂದಕ್ಕೆ 45 ರೂಪಾಯಿ ಜಾಸ್ತಿ. 8,000ವನ್ನು 45ರಿಂದ ಭಾಗಿಸಿದರೆ ಸುಮಾರು 178. ಒಂದು ಸಲಕ್ಕೆ ಅದಕ್ಕಿಂತ ಕಡಿಮೆ ಕಾರ್ಡ್ ಬೇಕಾದರೆ ಡಿಜಿಟಲ್, ಜಾಸ್ತಿ ಬೇಕಾದರೆ ಆಫ್‌ಸೆಟ್. ಇದು ನಿಮ್ಮ ಈ ಕಾರ್ಡಿನ ಲೆಕ್ಕ ಮಾತ್ರ. ಹೊಸ ಬ್ರಾಂಚ್ ಶುರುವಾಗಿ ಮನೆಮನೆಗೆ ಹಂಚಲು 5,000 ಕರಪತ್ರ ಬೇಕಾದರೆ ನನ್ನ ಹತ್ತಿರ ಬರಬೇಡಿ, ನೇರ ಆಫ್‌ಸೆಟ್‌ಗೆ ಹೋಗಿ.

ಇನ್ನೊಂದು ಮಾತು. ಹೋಟೆಲ್ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಹುಡುಗ ಮೆನು ಕಾರ್ಡನ್ನೂ ಅದೇ ಬಟ್ಟೆಯಲ್ಲಿ ಒರೆಸುತ್ತಾನೆ. ಲ್ಯಾಮಿನೇಶನ್ ಮಾಡಿದ ಆರ್ಟ್ ಕಾರ್ಡ್ (ನುಣುಪಾದ ದಪ್ಪ ಕಾಗದ) ಕತ್ತರಿಸಿದ ಅಂಚಿನಿಂದ ನೀರು ಕುಡಿದು ಬಿಚ್ಚಿಕೊಳ್ಳುತ್ತದೆ. ಹರಿಯದ ಕಾಗದ, ಅಂದರೆ ನಾನ್-ಟಿಯರೆಬಲ್ ಕೇಳಿ. ಆದರೆ ಅದು ಟೋನರ್ ಮಷಿನ್‌ನ ಬಿಸಿ ತಡೆಯುವ ಜಾತಿಯದ್ದೇ ಆಗಿರಬೇಕು. ಎಲ್ಲ ಪ್ಲಾಸ್ಟಿಕ್ ಹಾಳೆ ತಡೆಯಲ್ಲ, ಒಳಗೇ ಸುಕ್ಕುಗಟ್ಟಿ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಠಾಣೆಯಲ್ಲಿ ಮನೆಯಲ್ಲೇ ಚಟ್ನಿಪುಡಿ, ಸಾರಿನ ಪುಡಿ ಮಾಡಿ ಮಾರುತ್ತೇನೆ. ಆರು ಬಗೆ ಇದೆ. ಲೇಬಲ್ ಚೆನ್ನಾಗಿ ಮಾಡಿಸಬೇಕು ಅಂತ ಆಸೆ, ಆದರೆ ಒಂದೊಂದು ಬಗೆಗೆ ನೂರು ಸಾಕು. ಅಷ್ಟು ಕಡಿಮೆ ಯಾರಾದರೂ ಮಾಡುತ್ತಾರಾ?

ಮಾಡುತ್ತಾರೆ, ಖುಷಿಯಿಂದ ಮಾಡುತ್ತಾರೆ. ಡಿಜಿಟಲ್ ಇರುವುದೇ ನಿಮ್ಮಂಥವರಿಗೆ ಅಲ್ವಾ!

ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಹಾಳೆ 13×19 ಇಂಚು. ಅಂಚು ಬಿಟ್ಟು ಕೆಲಸಕ್ಕೆ ಸಿಗುವುದು ಸುಮಾರು 12×18. ನಿಮ್ಮ ಲೇಬಲ್ 2×3 ಇಂಚಿನದ್ದು ಅಂದುಕೊಳ್ಳಿ. ಕತ್ತರಿಸಲು ನಡುವೆ ಕಾಲಿಂಚು ಬಿಟ್ಟರೆ ಒಂದು ಹಾಳೆಗೆ 25 ಕೂರುತ್ತವೆ. ನೂರು ಲೇಬಲ್‌ಗೆ ನಾಲ್ಕು ಹಾಳೆ. ಆರು ಬಗೆಗೆ ಇಪ್ಪತ್ತನಾಲ್ಕು ಹಾಳೆ. ಅಷ್ಟೇ! ಬಗೆ ಬದಲಾದರೂ ಮಷಿನ್‌ಗೆ ವ್ಯತ್ಯಾಸ ಇಲ್ಲ. ಹಾಗಾಗಿ "ಆರು ಡಿಸೈನ್, ಆರು ಸೆಟ್ಟಿಂಗ್ ಚಾರ್ಜ್" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಡಿಸೈನ್ ಮಾಡಿದ ಕೂಲಿ ಬೇರೆ, ಅದನ್ನು ಕೊಡಲೇಬೇಕು.

ಸ್ಟಿಕ್ಕರ್ ಹಾಳೆ ತಗೊಂಡು "ಹಾಫ್ ಕಟ್" ಮಾಡಿಸಿ. ಮೇಲಿನ ಪದರ ಮಾತ್ರ ಕತ್ತರಿಸಿರುತ್ತದೆ, ನೀವು ಒಂದೊಂದಾಗಿ ಕಿತ್ತು ಅಂಟಿಸಬಹುದು. ಬರೀ ಪೇಪರ್ ಸ್ಟಿಕ್ಕರ್ ಬೇಡ. ಚಟ್ನಿಪುಡಿ ತುಂಬುವ ಕೈಯಲ್ಲಿ ಎಣ್ಣೆ ಇದ್ದೇ ಇರುತ್ತದೆ, ಬೆರಳಚ್ಚು ಕೂತರೆ ಹೋಗಲ್ಲ. ಪ್ಲಾಸ್ಟಿಕ್ ಸ್ಟಿಕ್ಕರ್ ಇರಲಿ. ತಯಾರಿಸಿದ ದಿನಾಂಕ, ಬ್ಯಾಚ್ ನಂಬರಿಗೆ ಮಾತ್ರ ಒಂದು ಬಿಳಿ ಚೌಕ ಬಿಡಿ. ದಿನಾಂಕವನ್ನೂ ಪ್ರಿಂಟ್ ಮಾಡಿಸಿದರೆ ಉಳಿದ ಲೇಬಲ್ ಮುಂದಿನ ತಿಂಗಳು ಕಸದ ಬುಟ್ಟಿಗೆ. ಆ ಚೌಕದ ಮೇಲೆ ನೀವು ಬಳಸುವ ಪೆನ್ನಿನ ಶಾಯಿ ಒಣಗುತ್ತದಾ ಅಂತ ಒಂದು ತುಂಡಿನ ಮೇಲೆ ಬರೆದು, ಹೆಬ್ಬೆರಳಲ್ಲಿ ಉಜ್ಜಿ ನೋಡಿ.

ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಹಾಕಿ, ಚಂದ ಕಾಣುತ್ತದೆ. ಆದರೆ ಕಾನೂನು ಕೇಳುವ ವಿವರಗಳು ಇಂಗ್ಲಿಷ್‌ನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಲೇಬೇಕು: ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ವಿಳಾಸ, ದೂರಿಗೆ ಫೋನ್ ನಂಬರ್, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಪಟ್ಟಿ ಇಷ್ಟಕ್ಕೇ ಮುಗಿಯಲ್ಲ. ಪ್ರಿಂಟಿಗೆ ಕೊಡುವ ಮುಂಚೆ ಲೈಸೆನ್ಸ್ ಕೆಲಸ ಮಾಡಿಕೊಟ್ಟವರಿಗೆ ಒಮ್ಮೆ ತೋರಿಸಿ. ಮತ್ತೆ, ಪ್ರಿಂಟ್ ಆದ ಬದಿ ಪುಡಿಗೆ ತಾಗಬಾರದು, ಲೇಬಲ್ ಯಾವತ್ತೂ ಪೊಟ್ಟಣದ ಹೊರಗೇ ಇರಲಿ.

ಪ್ರಶ್ನೆ: ಪುಣೆಯ ಚಿಂಚವಾಡದಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಕ್ಯಾಟಲಾಗ್‌ನಲ್ಲಿ ಕಂಪನಿಯ ನೀಲಿ ಬಣ್ಣ ಸ್ಕ್ರೀನಲ್ಲಿ ಕಂಡ ಹಾಗೆ ಬರಲಿಲ್ಲ. ಎರಡನೇ ಸಲ ಇನ್ನೂ ಬೇರೆಯೇ ಬಂತು. ಯಾರ ತಪ್ಪು?

ಮೊದಲ ಸಲದ್ದು ಯಾರ ತಪ್ಪೂ ಅಲ್ಲ. ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದದ ಮೇಲೆ ಶಾಯಿಯೋ ಪುಡಿಯೋ ಬೇಕು. ಕೆಲವು ಕಡು ನೀಲಿ ನಾಲ್ಕು ಬಣ್ಣದಲ್ಲಿ ಹುಟ್ಟುವುದೇ ಇಲ್ಲ, ನೇರಳೆಗೆ ವಾಲುತ್ತವೆ. ಎರಡನೇ ಸಲದ್ದು ಪ್ರೆಸ್‌ನವರದ್ದು ಇರಬಹುದು. ಡಿಜಿಟಲ್ ಮಷಿನ್‌ಗೆ ದಿನಾ ಬೆಳಗ್ಗೆ ಕ್ಯಾಲಿಬ್ರೇಶನ್, ಅಂದರೆ ಬಣ್ಣ ಅಳೆದು ಸರಿಹೊಂದಿಸುವ ಕೆಲಸ, ಮಾಡಬೇಕು. ಕಾಗದ ಬದಲಾದರೂ ಬಣ್ಣ ಬದಲಾಗುತ್ತದೆ. ನಿಮಗೆ ಒಪ್ಪಿಗೆಯಾದ ಒಂದು ಪ್ರತಿಗೆ ಸಹಿ ಹಾಕಿ, ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ. ಮುಂದಿನ ಸಲ ಅದನ್ನೇ ಮಷಿನ್ ಪಕ್ಕ ಇಟ್ಟು "ಇದಕ್ಕೆ ಹೊಂದಿಸಿ" ಅನ್ನಿ.

ಕ್ಯಾಟಲಾಗ್‌ನ ಫೋಟೋಗಳನ್ನು ನೀವು ಪ್ರೆಸ್‌ಗೆ ಕಳಿಸಿದ್ದು ವಾಟ್ಸಾಪ್‌ನಲ್ಲಿ ಅಲ್ವಾ? ಅದು ಫೋಟೋವನ್ನು ಹಿಂಡಿ ಸಣ್ಣ ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಪ್ರಿಂಟಾಗುವ ಅಳತೆಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇರಲಿ.

ಪ್ರಶ್ನೆ: ಗೋರೆಗಾಂವ್ ಕಡೆಯ ನಮ್ಮ ಸಂಘದ ಕಾರ್ಯಕ್ರಮಕ್ಕೆ 400 ಆಮಂತ್ರಣ ಬೇಕು. ಹೋದ ವರ್ಷ ಕನ್ನಡ ಅಕ್ಷರಗಳೆಲ್ಲ ಒಡೆದು ಬಂದಿದ್ದವು, ಮಡಿಕೆಯಲ್ಲಿ ಬಣ್ಣವೂ ಎದ್ದುಹೋಗಿತ್ತು. ಡಿಜಿಟಲ್ ಅಂದರೆ ಹೀಗೇನಾ?

ಅಯ್ಯೋ, ಈ ಎರಡೂ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ಸಂಘದ ಕಾರ್ಡಿನಲ್ಲಿ "ಅಧ್ಯಕ್ಷರು" ಅನ್ನುವುದು "ಅಧ್‌ಯಕ್‌ಷರು" ಅಂತ ಅಚ್ಚಾಗಿ ಹೋಯಿತು. ಅಧ್ಯಕ್ಷರು ಅದನ್ನು ಕೈಯಲ್ಲಿ ಹಿಡಿದು ನನ್ನ ಎದುರು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು. ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ.

ಇದಕ್ಕೂ ಮಷಿನ್‌ಗೂ ಸಂಬಂಧ ಇಲ್ಲ. ನೀವು ಮೊಬೈಲಲ್ಲಿ ಟೈಪ್ ಮಾಡುವುದು ಯೂನಿಕೋಡ್, ಅಂದರೆ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ. ಡಿಸೈನರ್ ಹತ್ತಿರ ಇರುವುದು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್, ಇಲ್ಲವೇ ಭಾರತೀಯ ಲಿಪಿಯ ಸೆಟ್ಟಿಂಗ್ ಹಾಕದ ಸಾಫ್ಟ್‌ವೇರ್. ಅಲ್ಲಿಗೆ ಪೇಸ್ಟ್ ಮಾಡಿದ ಕೂಡಲೇ ಒತ್ತಕ್ಷರ ಜಾಗ ಬಿಟ್ಟು ಓಡುತ್ತದೆ. ಮುಂಬಯಿಯಲ್ಲಿ ಇನ್ನೊಂದು ತೊಂದರೆ: ಕಂಪ್ಯೂಟರಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗ ಮರಾಠಿ ಓದುತ್ತಾನೆ, ಕನ್ನಡ ಅವನಿಗೆ ಬರೀ ಚಿತ್ರ. ಒತ್ತು ಬಿದ್ದುಹೋದರೂ ಅವನಿಗೆ ತಿಳಿಯಲ್ಲ. ನೀವೇ ಮನೆಯಲ್ಲಿ ಸರಿಯಾಗಿ ಟೈಪ್ ಮಾಡಿ ಪಿಡಿಎಫ್ ಮಾಡಿ, ಪಕ್ಕದಲ್ಲಿಟ್ಟು ಹೋಲಿಸಲು ಕೊಡಿ. ಕೊನೆಯ ಫೈಲಲ್ಲಿ ಅಕ್ಷರಗಳನ್ನು "ಕರ್ವ್" ಮಾಡಿಸಿ, ಅಂದರೆ ಗೆರೆಯ ಚಿತ್ರವಾಗಿ ಬದಲಿಸಿ, ಆಮೇಲೆ ಯಾವ ಕಂಪ್ಯೂಟರ್‌ಗೆ ಹೋದರೂ ಒಡೆಯಲ್ಲ.

ಪ್ರೂಫ್‌ಗೆ, ಅಂದರೆ ತಪ್ಪು ನೋಡುವ ಮೊದಲ ಪ್ರತಿಗೆ, ಡಿಜಿಟಲ್‌ನಷ್ಟು ಅನುಕೂಲ ಬೇರೆ ಇಲ್ಲ. 400 ಹೊಡೆಯುವ ಅದೇ ಮಷಿನ್‌ನಲ್ಲಿ, ಅದೇ ಕಾಗದದ ಮೇಲೆ ಒಂದೇ ಒಂದು ಪ್ರತಿ ತೆಗೆಸಬಹುದು. ಮನೆಗೆ ತಂದು, ಕನ್ನಡ ಚೆನ್ನಾಗಿ ಓದುವ ಹಿರಿಯರೊಬ್ಬರ ಕೈಗೆ ಪೆನ್ಸಿಲ್ ಸಮೇತ ಕೊಡಿ. ಫೋನಿನ ಸ್ಕ್ರೀನಲ್ಲಿ ನೋಡಿ "ಓಕೆ" ಅನ್ನಬೇಡಿ.

ಮಡಿಕೆಯ ವಿಷಯ. ಟೋನರ್ ಕಾಗದದ ಒಳಗೆ ಇಳಿಯಲ್ಲ, ಮೇಲೆ ಪದರವಾಗಿ ಕೂರುತ್ತದೆ. ದಪ್ಪ ಕಾರ್ಡನ್ನು ಸುಮ್ನೆ ಮಡಿಸಿದರೆ ಗೋಡೆಯ ಸುಣ್ಣದ ಹಾಗೆ ಬಿರಿಯುತ್ತದೆ. ಮಡಿಸುವ ಮುಂಚೆ ಕ್ರೀಸಿಂಗ್, ಅಂದರೆ ಮಡಿಕೆಯ ಜಾಗವನ್ನು ಒತ್ತಿ ಗೆರೆ ಮಾಡುವುದು, ಮಾಡಿಸಲೇಬೇಕು. ಮಡಿಕೆ ಬರುವ ಜಾಗದಲ್ಲಿ ಗಾಢ ಬಣ್ಣ ಹಾಕದೆ ಇದ್ದರೆ ಇನ್ನೂ ಒಳ್ಳೆಯದು.

ಇಷ್ಟು ಕಷ್ಟ ಪಟ್ಟ ಮೇಲೆ ಒಂದು ಸುಖವೂ ಇದೆ. 400 ಕಾರ್ಡಿಗೂ 400 ಹೆಸರು ಹಾಕಬಹುದು. ಎಕ್ಸೆಲ್‌ನಲ್ಲಿ ಪಟ್ಟಿ ಕೊಟ್ಟರೆ ಸಾಕು, ಒಂದೊಂದು ಹಾಳೆಯ ಮೇಲೂ ಬೇರೆ ಹೆಸರು, ಬೇರೆ ಸೀಟ್ ನಂಬರ್ ಬರುತ್ತದೆ. ದೇಣಿಗೆ ಕೊಟ್ಟವರ ಹೆಸರು ಕಾರ್ಡಿನ ಮೇಲೆ ಅಚ್ಚಾಗಿ ಬಂದರೆ ಅವರು ಅದನ್ನು ಬಿಸಾಡಲ್ಲ. ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಉಳಿದಿಲ್ಲ ತಾನೇ ಅಂತ ಮಾತ್ರ ಎರಡು ಸಲ ನೋಡಿ. ಕಾರ್ಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಸಬೇಡಿ, 2022ರ ಜುಲೈ 1ರಿಂದ ಅದಕ್ಕೆ ನಿಷೇಧ ಇದೆ.

ಪ್ರಶ್ನೆ: ಮಡಗಾಂವ್‌ನಲ್ಲಿ ಅಂಗಡಿ ಇದೆ. ಫ್ಲೆಕ್ಸ್ ಬೋರ್ಡ್ ಒಂದೇ ವರ್ಷಕ್ಕೆ ಮಾಸಿಹೋಗುತ್ತದೆ. ಏನು ಮಾಡಲಿ?

ಇಡೀ ಭಾರತಕ್ಕೆ ಅಚ್ಚಿನ ಮಷಿನ್ ಮೊದಲು ಬಂದದ್ದು ನಿಮ್ಮ ಗೋವಾಕ್ಕೇ, 1556ರಲ್ಲಿ. ಅಲ್ಲಿಂದ ಇಲ್ಲಿಗೆ ಬಂದು ಫ್ಲೆಕ್ಸ್‌ನಲ್ಲಿ ನಿಂತಿದ್ದೇವೆ!

ಫ್ಲೆಕ್ಸ್ ಅಂದರೆ ಪಿವಿಸಿ ಪ್ಲಾಸ್ಟಿಕ್ ಬಟ್ಟೆಯ ಮೇಲೆ ಶಾಯಿ ಸಿಂಪಡಿಸುವ ಇಂಕ್‌ಜೆಟ್ ಪ್ರಿಂಟ್. ಎರಡು ವಾರದ ಸೇಲ್‌ಗೆ ಸರಿ, ವರ್ಷಗಟ್ಟಲೆ ನಿಲ್ಲುವ ಬೋರ್ಡಿಗೆ ಅಲ್ಲ. ತೆಳು ಮಾಲು ಕೊಂಡರೆ ಕಾನೂನಿಗೂ ಸಿಕ್ಕುತ್ತೀರಿ, 100 ಮೈಕ್ರಾನ್‌ಗಿಂತ (0.1 ಮಿಲಿಮೀಟರ್) ತೆಳುವಾದ ಪಿವಿಸಿ ಬ್ಯಾನರ್‌ಗೆ ಅದೇ 2022ರ ನಿಷೇಧ ಇದೆ. ಬಿಸಿಲಿಗೆ ಸಾಮಾನ್ಯವಾಗಿ ಮೊದಲು ಹೋಗುವುದು ಹಳದಿ ಮತ್ತು ಮಜೆಂಟಾ. ಅದಕ್ಕೇ ಕೆಂಪು ಅಕ್ಷರ ಪೇಲವವಾಗಿ, ನೀಲಿ ಮಾತ್ರ ಉಳಿದಿರುತ್ತದೆ. ಗಟ್ಟಿ ಶೀಟಿನ ಮೇಲೆ ಒಳ್ಳೆಯ ವಿನೈಲ್ (ಅಂಟಿರುವ ಪ್ಲಾಸ್ಟಿಕ್ ಹಾಳೆ) ಪ್ರಿಂಟ್ ಹಾಕಿಸಿ, ಮೇಲೆ ಬಿಸಿಲಿನ ಯುವಿ ಕಿರಣ ತಡೆಯುವ ಲ್ಯಾಮಿನೇಶನ್ ಇರಲಿ. ದೊಡ್ಡ ಅಕ್ಷರಕ್ಕೆ ಪ್ರಿಂಟ್ ಬದಲು ಬಣ್ಣದ ವಿನೈಲನ್ನೇ ಕತ್ತರಿಸಿ ಅಂಟಿಸಿದರೆ ಇನ್ನೂ ಹೆಚ್ಚು ಬಾಳುತ್ತದೆ. ಕೆಲಸವನ್ನು ಮಳೆ ನಿಂತ ಮೇಲೆ ಮಾಡಿಸಿ, ಒದ್ದೆ ಹಿಡಿದ ಶೀಟಿಗೆ ಅಂಟು ಕೂರಲ್ಲ.